ಮೂಸೆಯ ಅಪ್ರದಕ್ಷಿಣೆ

ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸಿಲಿಕಾನ್ ಹರಳು ಬೆಳೆಸುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಹೆಮ್ಮಿಗೆಯಲ್ಲಿದ್ದವನನ್ನು ಮಾಲೀಕರೇ ಮತ್ತೆ ಕರೆಸಿಕೊಂಡರು. ಕರೆಸಿಕೊಂಡವರು ಮಾತನ್ನೂ ಕೇಳಬೇಕೆಂಬ ನಿಯಮವಿಲ್ಲವೆಂಬುದು ಆಯುಧಪೂಜೆಯ ದಿನ ತಿಳಿಯಿತು.

ಕುಲುಮೆಯ ಗಾಜಿನ ಕಿಂಡಿಯಲ್ಲಿ ಇಣುಕಿದ ಮಾಲೀಕರು ಹುಬ್ಬು ಗಂಟಿಕ್ಕಿದರು. ಮೇಲಿನಿಂದ ಇಳಿಬಿಟ್ಟ ಹರಳು ಬಲಕ್ಕೆ ಸುತ್ತುತ್ತಿತ್ತು. ಕರಗಿದ ಸಿಲಿಕಾನ್ ತುಂಬಿದ ಮೂಸೆ ಎಡಕ್ಕೆ.

“ಏನ್ ಯಜಮಾನ್ರೇ, ಹಬ್ಬದ ದಿನ ಅಪ್ರದಕ್ಷಿಣೆನಾ? ಇನ್ಮೇಲೆ ಎರಡೂ ಬಲಕ್ಕೇ ತಿರುಗ್ಲಿ.”

ನಾನು ವಿವರಿಸಿದೆ. ದ್ರವವು ಅಂಚಿನಲ್ಲಿ ಕಾದು ಏರುತ್ತದೆ, ನಡುವೆ ತಣಿದು ಇಳಿಯುತ್ತದೆ. ಕುಲುಮೆಯ ಸುತ್ತಲಿನ ಮ್ಯಾಗ್ನೆಟ್ಟಿನ ಕಾಂತಕ್ಷೇತ್ರವು ಆ ಹರಿವಿನ ರಭಸವನ್ನು ತಗ್ಗಿಸುತ್ತದೆ; ಎದುರುಬದುರಾದ ಸುತ್ತು ಹರಳಿನ ಬುಡದಲ್ಲಿ ಅದನ್ನು ಹದಕ್ಕೆ ತರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಸಾಲದು. ವರ್ಷಗಳ ಅಳತೆಗಳಿದ್ದ ನನ್ನ ನೋಟುಪುಸ್ತಕವನ್ನೂ ಮುಂದಿಟ್ಟೆ.

“ಮ್ಯಾಗ್ನೆಟ್ ಇದೆಯಲ್ಲ, ಅದು ನೋಡ್ಕೊಳ್ತದೆ ಬಿಡಿ,” ಎಂದವರೇ, ಪುಸ್ತಕವನ್ನು ತೆರೆಯದೆ, ಅದರ ರಟ್ಟಿಗೆ ಕುಂಕುಮ ಹಚ್ಚಿ ಹಿಂದಕ್ಕೆ ಕೊಟ್ಟರು.

ಮುಂದಿನ ಹರಳನ್ನು ಅಪ್ಪಣೆಯಂತೆಯೇ ಬೆಳೆಸಿದೆವು. ಕತ್ತರಿಸಿದ ಬಿಲ್ಲೆಗಳಲ್ಲಿ ನಡುವೆ ಒಂದು ಗುಣ, ಅಂಚಿನಲ್ಲಿ ಇನ್ನೊಂದು. ಕೊಳ್ಳುವವರು ಅಷ್ಟನ್ನೂ ಹಿಂದಿರುಗಿಸಿದರು. ಕಾಂತಕ್ಷೇತ್ರವನ್ನು ಹೆಚ್ಚಿಸಿ ಬೆಳೆಸಿದ ಎರಡನೆಯ ಹರಳಿನ ಗತಿಯೂ ಅದೇ.

“ನಿಮ್ಮ ಕೈ ತಪ್ಪಿರ್ಬೇಕು. ವಯಸ್ಸಾಯ್ತಲ್ಲ,” ಎಂದರು ಮಾಲೀಕರು, ಎಲ್ಲರೆದುರಿಗೆ. ಆ ಮಾತನ್ನು ದಿನಾಂಕಸಮೇತ ಬರೆದಿಟ್ಟಿದ್ದೇನೆ. ಮೂರನೆಯದೂ ಕೆಟ್ಟಿದ್ದರೆ ನನ್ನ ಹೆಸರು ಅದೇ ಮಾತಿನೊಂದಿಗೆ ಮುಗಿಯುತ್ತಿತ್ತು.

ಆಗ ಯಂತ್ರ ನಡೆಸುತ್ತಿದ್ದ ಬನ್ನೂರಿನವನು ಬಾಯಿ ಹಾಕಿದ.

“ಸಾ, ಶಿವನ ಗುಡೀಲಿ ಅಭಿಸೇಕದ ನೀರು ಅರಿಯೋ ಗೋಮುಖಿ ದಾಟ್ತೀರಾ? ಅಲ್ಲೀಗಂಟ ಓಗಿ, ತಿರುಗಿ ಇಂದಕ್ಕೇ ಬತ್ತೀರಲ್ವಾ? ಬಲಕ್ಕೂ ಉಂಟು, ಎಡಕ್ಕೂ ಉಂಟು. ನಮ್ ಮೂಸೇನೂ ಅಂಗೇಯ ಕಣ್ ಸಾ.”

ಮಾಲೀಕರ ಮುಖ ಅರಳಿತು. “ಹೌದಲ್ವೇನೋ!” ಎಂದು ನನ್ನ ಕಡೆ ತಿರುಗಿದರು. “ಇಷ್ಟನ್ನ ನೀವು ಮೊದಲೇ ಹೇಳೋಕಾಗ್ತಿರ್ಲಿಲ್ವಾ ಯಜಮಾನ್ರೇ?”



ಮೂಸೆ ಮತ್ತೆ ಎಡಕ್ಕೆ ತಿರುಗಿತು. ಮೂರನೆಯ ಹರಳಿನ ಬಿಲ್ಲೆಗಳು ನಡುವಿನಿಂದ ಅಂಚಿನವರೆಗೆ ಒಂದೇ ಸಮನಾಗಿ ಬಂದವು. ಬನ್ನೂರಿನವನಿಗೆ ಶಾಲು ಹೊದಿಸಿದರು. ಹೊದೆಯುವಾಗ ಅವನು ನನ್ನತ್ತ ನೋಡಿ ನಕ್ಕ. ನನ್ನ ಕೈಗೆ ವಯಸ್ಸಾಯಿತೆಂಬ ಮಾತನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ.

ನನ್ನ ಪುಸ್ತಕದಲ್ಲಿ ಪ್ರತಿಯೊಂದು ಬದಲಾವಣೆಗೂ ಕಾರಣ ಬರೆಯುವ ಜಾಗವಿದೆ. ಅಲ್ಲಿ ದ್ರವದ ಹರಿವನ್ನೇ ಬರೆದೆ, ಗೋಮುಖಿಯನ್ನು ಬರೆಯಲಿಲ್ಲ.