ನಾಲ್ಕು ಊರಿನ ಕಬಾಬಿಗೆ ನಾನು ಎಳೆದ ಗೀಟುಗಳು

ಆ ವರ್ಷದ ದಿನಚರಿ ಪುಸ್ತಕದ ಹಿಂಭಾಗದ ಎಂಟು ಪುಟಗಳಲ್ಲಿ ಬಹುಪಾಲು ಗೀಟುಗಳಿವೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಒಂದು ಗೀಟು ಎಂದರೆ ಒಂದು ಸೀಕು, ಅಂದರೆ ಕಬ್ಬಿಣದ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಟನ್ ಕಬಾಬು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಯಾವ ಊರಿನ ಖಾನಾವಳಿಯ ಕಬಾಬು ಎಲ್ಲಕ್ಕಿಂತ ಒಳ್ಳೆಯದು ಎಂಬ ವಾದವನ್ನು ತೀರಿಸಲೆಂದು ಅವನ್ನು ಎಳೆದೆ. ವಾದ ತೀರಲಿಲ್ಲ. ಆದರೆ ನಮ್ಮ ಜೀಪಿನ ಡ್ರೈವರನ ಬಾಯಿ ತಿಂಗಳಿಂದ ತಿಂಗಳಿಗೆ ಬಿಗಿಯುತ್ತ ಹೋದದ್ದು ಆ ಎಂಟು ಪುಟಗಳಲ್ಲಿ ತಾರೀಖಿನ ಸಮೇತ ಇದೆ. ಬರೆದವನು ನಾನೇ. ನನಗೆ ಕಾಣಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತಮೂರು. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವ ತಂಡದಲ್ಲಿ ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ಜೀಪಿನಲ್ಲಿ ನಾವು ಮೂವರು. ಸೂಜಿ ಹಾಕುವವರು ಕಂಪೌಂಡರ್, ಇಂಡಿಯವರು, ನಲವತ್ತರ ಆಸುಪಾಸಿನವರು. ಜೀಪು ನಡೆಸುವವರು ಬಾಗೇವಾಡಿ ಕಡೆಯ ಗೊಳಸಂಗಿಯವರು, ಐವತ್ತು ದಾಟಿದವರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ನಾನು ಹಿಂದಿನ ಸೀಟಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯನ್ನು ಮೊಣಕಾಲಿನ ನಡುವೆ ಹಿಡಿದುಕೊಂಡು ಕೂರುತ್ತಿದ್ದೆ. ಯಾವ ಊರು, ಯಾರ ಮನೆ, ಎತ್ತು ಎಷ್ಟು, ಎಮ್ಮೆ ಎಷ್ಟು, ಸೂಜಿ ಬೇಡವೆಂದವರು ಎಷ್ಟು, ಎಲ್ಲ ಬರೆಯಬೇಕು. ಬೇಡವೆಂದವರೇ ಹೆಚ್ಚು. ಸೂಜಿ ಹಾಕಿದರೆ ಹಾಲು ಕಡಿಮೆಯಾಗುತ್ತದೆ ಎಂದು ಹಲಸಂಗಿಯಲ್ಲಿ ಒಬ್ಬರು ಹೇಳಿದ್ದನ್ನೇ ಲಚ್ಯಾಣದಲ್ಲಿ ಇನ್ನೊಬ್ಬರು ಹೇಳುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೆರಡರ ಹೊತ್ತಿಗೆ ಮೂವರ ಮುಖದಲ್ಲೂ ಧೂಳು ಒಂದೇ ಬಣ್ಣಕ್ಕೆ ಬಂದಿರುತ್ತಿತ್ತು. ಆಗ ಮಾತು ಕಬಾಬಿಗೆ ತಿರುಗುತ್ತಿತ್ತು. ದಣಿವಿಗೆ ಅವರಿಬ್ಬರ ಬಳಿ ಇದ್ದ ಮದ್ದು ಅದೊಂದೇ.

ಕಂಪೌಂಡರ್ ಪಕ್ಷ ಇಂಡಿಯದು. ಇಂಡಿಯ ನಿಂಬೆಹಣ್ಣು ಹಿಂಡದ ಕಬಾಬು ಕಬಾಬೇ ಅಲ್ಲ ಎಂಬುದು ಅವರ ವಾದ. ಕಾಕಾನ ಪಕ್ಷ ಬಾಗೇವಾಡಿ. ಊರೊಳಗಲ್ಲ, ಊರು ದಾಟಿ ಒಂದು ಹುಣಸೆಮರದ ಕೆಳಗಿದ್ದ ತಗಡಿನ ಖಾನಾವಳಿ. ಅಲ್ಲಿ ಬಳ್ಳಾರಿ ಜಾಲಿಯ ಇದ್ದಲಿ ಬಿಟ್ಟು ಬೇರೆ ಹಾಕುವುದಿಲ್ಲ, ನಿಂಬೆಹಣ್ಣು ಹಿಂಡುವುದು ಕೆಟ್ಟ ಮಾಂಸ ಮುಚ್ಚಲಿಕ್ಕೆ ಎಂದು ಅವರು ಹೇಳುತ್ತಿದ್ದರು. ಸಿಂದಗಿಯದು ಖಾರ ಜಾಸ್ತಿ, ಮುದ್ದೇಬಿಹಾಳದ್ದು ತುಂಡು ದೊಡ್ಡದು. ಆ ಎರಡನ್ನು ಇಬ್ಬರೂ ಎದುರಾಳಿಯನ್ನು ಹೀಯಾಳಿಸಲು ಮಾತ್ರ ಹೊಗಳುತ್ತಿದ್ದರು. ಒಂದು ದಿನ ವಾದ ಬಿಸಿಯಾಗಿ ಕಂಪೌಂಡರ್ ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಬರಕೋ. ನೀ ತಿನ್ನಾಂವಲ್ಲ, ನಿನಗ ಯಾವ ಪಕ್ಷಾನೂ ಇಲ್ಲ."

ನಮ್ಮದು ಮಾಂಸ ಮುಟ್ಟದ ಮನೆ. ಅವರು ತಿನ್ನುವ ಮೇಜಿನ ತುದಿಯಲ್ಲೇ ಕೂತು ನಾನು ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಿನ್ನುತ್ತಿದ್ದೆ. ಕಾಕಾ ನಕ್ಕು, ಗಂಟೆ ಬಾರಿಸುವವನನ್ನು ಹಾಡಿನ ತೀರ್ಪಿಗೆ ಕೂರಿಸಿದಂತಾಯಿತು ಎಂದರು. ಆದರೂ ಒಪ್ಪಿದರು. ರುಚಿ ನನಗೆ ಗೊತ್ತಾಗುವಂತಿಲ್ಲ. ಗೊತ್ತಾಗುವುದು ಎಣಿಕೆ ಮಾತ್ರ. ಯಾವ ಊರಿನಲ್ಲಿ ತಟ್ಟೆಯ ಪಕ್ಕ ಖಾಲಿ ಸೀಕು ಹೆಚ್ಚು ಬಿದ್ದಿರುತ್ತವೆಯೋ ಅಲ್ಲಿಯ ಕಬಾಬು ಒಳ್ಳೆಯದು ಎಂದು ಗೊತ್ತು ಮಾಡಿಕೊಂಡೆ. ಮಾಂಸ ತಿನ್ನುವವರು ಯಾರೂ ಇಂಥ ಅಳತೆ ಮಾಡುತ್ತಿರಲಿಲ್ಲ. ಅವರಿಗೆ ನಾಲಗೆ ಸಾಕಿತ್ತು.

ಜೂನ್ ಹದಿನಾಲ್ಕು, ಬಾಗೇವಾಡಿ: ಕಂಪೌಂಡರ್ ಐದು, ಕಾಕಾ ಆರು. ಜೂನ್ ಇಪ್ಪತ್ತೆರಡು, ಮುದ್ದೇಬಿಹಾಳ: ಐದು, ಆರು. ಜುಲೈ ಮೂರು, ಬಾಗೇವಾಡಿ: ಐದು, ಐದು. ಕಾಕಾ ಅಂದು ನೀರು ಬಹಳ ಕುಡಿದರು. ಖಾರ ಹೆಚ್ಚಾಯಿತೆಂದರು. ಅದನ್ನೂ ಬರೆದಿದ್ದೇನೆ, 'ಖಾರ' ಎಂಬ ಒಂದು ಶಬ್ದ.

ಶ್ರಾವಣ ಬಂತು, ಇಬ್ಬರೂ ಮಾಂಸ ಬಿಟ್ಟರು. ಆ ತಿಂಗಳ ಪುಟ ಖಾಲಿ. ಶ್ರಾವಣ ಮುಗಿದ ವಾರವೇ ಕಂಪೌಂಡರ್ ಸಿಂದಗಿಯಲ್ಲಿ ಕೂತು ಹತ್ತು ತಿಂದರು. ಕಾಕಾ ಮುಟ್ಟಲಿಲ್ಲ, ಈ ಸಲ ದಸರೆಯ ತನಕ ಬಿಟ್ಟಿದ್ದೇನೆ, ಹರಕೆ ಎಂದರು. ಹರಕೆ ಎಂದಮೇಲೆ ಕೇಳುವಂತಿಲ್ಲ. ಅವರು ರೊಟ್ಟಿಯನ್ನು ಸಾರಿನಲ್ಲಿ ಮುರಿದು ಹಾಕಿ, ಅದು ನೆನೆಯುವ ತನಕ ಕೈಕಟ್ಟಿ ಕೂತಿದ್ದರು. ಬಿಸಿಲಿನ ದಣಿವು ಎಂದುಕೊಂಡೆ. ಮೂವರೂ ದಣಿದಿದ್ದೆವು. ಆ ವಾರ ಒಂದೇ ಊರಿಗೆ ಮೂರು ಸಲ ಹೋಗಿ ಮೂರು ಸಲವೂ ಮುಚ್ಚಿದ ಬಾಗಿಲು ನೋಡಿ ಬಂದಿದ್ದೆವು.

ದಸರೆಯ ನಂತರ ಮುದ್ದೇಬಿಹಾಳ: ಆರು, ಎರಡು. ತುಂಡು ಬಲಿತದ್ದು ಎಂದರು ಕಾಕಾ. ಮತ್ತೆ ಬಾಗೇವಾಡಿ: ಐದು, ಒಂದು. ಆ ಒಂದನ್ನೂ ಅವರು ಬೆರಳಿನಿಂದ ಎಳೆಎಳೆಯಾಗಿ ಬಿಡಿಸಿ, ಬಾಯಿಯ ಒಂದು ಬದಿಯಿಂದ ಒಳಗೆ ತಳ್ಳಿದರು. ಕಂಪೌಂಡರ್ ಬಿಡಲಿಲ್ಲ.

"ಯಾಕ ಕಾಕಾ, ನಿಮ್ಮ ಊರ ಕಬಾಬ್ ನಿಮಗ ಬ್ಯಾಡಾತ?"

ಕಾಕಾ ಒಲೆಯ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದರು: "ಇಲ್ಲಿ ಕೈ ಕೆಟ್ಟೈತಿ. ಮೊದಲಿನಂಗ ಇಲ್ಲ."

ಇಪ್ಪತ್ತು ವರ್ಷ ಹೊಗಳಿಕೊಂಡು ಬಂದ ಜಾಗದ ಬಗ್ಗೆ ಆಡಿದ ಮಾತು ಅದು. ನಾನು ತಿಂದ ರೊಟ್ಟಿ, ಚಟ್ನಿ ಮೊದಲಿನಂತೆಯೇ ಇದ್ದವು. ಪಕ್ಕದ ಮೇಜಿನಲ್ಲಿ ಜನ ಸಾಲುಸಾಲಾಗಿ ತಿನ್ನುತ್ತಿದ್ದರು. ಆದರೂ ಪುಸ್ತಕದಲ್ಲಿ ಬರೆದೆ: ಬಾಗೇವಾಡಿ, ಕೈ ಕೆಟ್ಟಿದೆ.

ದೀಪಾವಳಿಯ ನಂತರ ಕೆಲಸ ಇಂಡಿ ಕಡೆಗೆ ಸರಿಯಿತು. ಅಲ್ಲಿಯ ಖಾನಾವಳಿ ಸಂತೆ ಬಯಲಿನ ಅಂಚಿನಲ್ಲಿತ್ತು. ಒಲೆಯ ಮುಂದೆ ಕೂರುತ್ತಿದ್ದ ಮುದುಕರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅರವತ್ತೈದು ದಾಟಿದವರು, ಮಾತು ಕಡಿಮೆ, ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತಲೇ ಪ್ರತಿ ತಟ್ಟೆಯನ್ನೂ ನೋಡುತ್ತಿರುವವರು. ಅಲ್ಲಿ ಕಂಪೌಂಡರ್ ಲೆಕ್ಕ ಎಂದೂ ಎಂಟಕ್ಕೆ ಕಡಿಮೆಯಾಗಲಿಲ್ಲ. ಮೊದಲ ದಿನ ಕಾಕಾನ ಲೆಕ್ಕ ಒಂದು. ಎರಡನೆಯ ಸಲ ಮೂರು. ಆಮೇಲೆ ಚಳಿಗಾಲ ಪೂರ್ತಿ ನಾಲ್ಕು, ಒಮ್ಮೊಮ್ಮೆ ಐದು. ನನಗೆ ಖುಷಿಯಾಯಿತು. ಉತ್ತರ ತಾನಾಗಿ ಮೇಲೆ ಬರುತ್ತಿತ್ತು.

ಮಾರ್ಚಿನಲ್ಲಿ ಸುತ್ತು ಮುಗಿಯುವ ದಿನ ಇಂಡಿಯಲ್ಲೇ ಊಟಕ್ಕೆ ಕೂತೆವು. ಬಿಸಿಲು ಆಗಲೇ ಹೊತ್ತಿಕೊಂಡಿತ್ತು. ತೀರ್ಪು ಓದು ಎಂದರು ಕಂಪೌಂಡರ್. ಹಿಂದಿನ ದಿನವೇ ಕೂಡಿಸಿ, ಭಾಗಿಸಿ ಇಟ್ಟುಕೊಂಡಿದ್ದೆ. ಓದಿದೆ: ಇಂಡಿ ಮೊದಲು, ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಬಾಗೇವಾಡಿ. ಕಂಪೌಂಡರ್ ಮೇಜು ಬಡಿದರು. ಕಾಕಾ ಮುಖ ತಗ್ಗಿಸಿ, ಇರಲಿ ಬಿಡು ಎಂಬಂತೆ ಕೈಯಾಡಿಸಿದರು.

ಚಾಚಾ ಬೀಸಣಿಗೆ ಕೆಳಗಿಟ್ಟು ನಮ್ಮ ಮೇಜಿಗೆ ಬಂದರು. ನನ್ನ ಪುಸ್ತಕ ನೋಡಿ, ಕಾಕಾನ ಕಡೆ ಕೈ ತೋರಿಸಿದರು.

"ಬರದದ್ದು ಖರೇ ಐತಿ ತಮ್ಮಾ. ಆದ್ರ ನನ್ನ ಅಂಗಡಿ ಗೆದ್ದಿಲ್ಲ. ಇವರಿಗೆ ನಾ ಬ್ಯಾರೇನ ಮಾಡಿ ಕೊಡತೇನಿ. ಎರಡು ಸಲ ಕೊಚ್ಚಿ, ಖಾರ ಹಾಕದ, ನಿಂಬಿ ಹಿಂಡದ."

"ಚಾಚಾ, ಸುಮ್ಮನಿರ್ರಿ," ಎಂದರು ಕಾಕಾ.

ಯಾಕೆ ಎಂದು ಕೇಳಿದವರು ಕಂಪೌಂಡರ್. ಚಾಚಾ ಅವರ ಮುಖವನ್ನೇ ನೋಡಿ, "ದಿನಾ ದನದ ಬಾಯಿ ತಗದು ನೋಡಾವರು ನೀವು. ನನ್ನ ಯಾಕ ಕೇಳತೀರಿ?" ಎಂದು ಒಲೆಗೆ ಹಿಂತಿರುಗಿದರು.

ನನ್ನ ಕಣ್ಣು ಹೊರಗೆ ನಿಂತಿದ್ದ ಜೀಪಿನ ಕಡೆ ಹೋಯಿತು. ಅದರ ಕನ್ನಡಿಗೆ ಕಾಕಾನ ಗುಟ್ಕಾ ಚೀಟಿಗಳ ಸರ ಸದಾ ತೂಗಾಡುತ್ತಿತ್ತು. ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ಬರಿದಾಗುತ್ತಿತ್ತು. ಎಲ್ಲವನ್ನೂ ಎಣಿಸುವ ನಾನು ಅದನ್ನು ಎಣಿಸಿರಲಿಲ್ಲ. ಕೊನೆಗೆ ಕಂಪೌಂಡರ್ ಕೈ ತೊಳೆದುಕೊಂಡು ಬಂದರು.

"ಬಾಯಿ ತಗೀರಿ ಕಾಕಾ."

"ನಾ ಏನ್ ನಿನ್ನ ಎತ್ತಾ?"

"ಎತ್ತಾಗಿದ್ರ ಮೊದಲ ದಿನಾನ ನೋಡತಿದ್ದೆ. ತಗೀರಿ."

ಕಾಕಾ ಬಾಯಿ ತೆರೆದರು. ಮನುಷ್ಯನ ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ಸರಾಗವಾಗಿ ಹಿಡಿಸಬೇಕು. ಅವರ ಬಾಯಲ್ಲಿ ಒಂದು ಹೋಯಿತು, ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ಒಳಗೆ ಕೆನ್ನೆ ಬಿಳುಚಿಕೊಂಡು, ಬಿಗಿದ ಹಗ್ಗದಂತಾಗಿತ್ತು. ಕಂಪೌಂಡರ್ ಅವರ ಗದ್ದ ಬಿಟ್ಟು ಬೆಂಚಿನ ಮೇಲೆ ಕೂತರು. ಆ ದಿನ ಅವರು ಮತ್ತೆ ತಮಾಷೆ ಮಾಡಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದರೆ ಕಾಕಾ ಒಪ್ಪಲಿಲ್ಲ. ಅವರ ಅಣ್ಣನಿಗೂ ಹೀಗೇ ಬಾಯಲ್ಲಿ ಶುರುವಾಗಿತ್ತಂತೆ. ಹುಣ್ಣು ಎಂದು ತೋರಿಸಲು ಕರೆದುಕೊಂಡು ಹೋದವರು ಇವರೇ. ಅಣ್ಣ ಊರಿಗೆ ತಿರುಗಿ ಬಂದು ಹೊಲಕ್ಕೆ ಹೋಗಲೇ ಇಲ್ಲ. "ಆ ಬ್ಯಾನಿ ಹೆಸರು ಹೇಳಿಸಿಕೊಂಡು ಬರೂದು ನನಗ ಆಗೂದಿಲ್ಲ," ಎಂದರು. ಅದಕ್ಕೇ ಖಾರ ಎಂದದ್ದು, ಹರಕೆ ಎಂದದ್ದು, ಕೈ ಕೆಟ್ಟಿದೆ ಎಂದದ್ದು. ಎಂಟು ತಿಂಗಳು ಅವರು ಆ ಒಂದು ಹೆಸರಿನಿಂದ ತಪ್ಪಿಸಿಕೊಂಡು ಜೀಪು ಓಡಿಸುತ್ತಿದ್ದರು. ನಾನು ಅವರ ಸಬೂಬುಗಳನ್ನು ಒಂದೊಂದಾಗಿ ತಾರೀಖು ಹಾಕಿ ಬರೆದುಕೊಂಡಿದ್ದೆ.

ಕೊನೆಗೆ ಒಪ್ಪಿಸಿದವರು ಚಾಚಾ. ಏನು ಹೇಳಿದರೋ ನಮಗೆ ಕೇಳಲಿಲ್ಲ. ಒಲೆಯ ಬಳಿ ಇಬ್ಬರೂ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಎದ್ದು ಬಂದಾಗ ಕಾಕಾ ನನಗೆ, ನಾಳೆ ನೀನೂ ಬಾ ಎಂದರು.

ಬಿಜಾಪುರದ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಸಾಲಿನಲ್ಲಿ ಕೂತೆವು. ವೈದ್ಯರು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಎಂಟ್ಹತ್ತು ದಿನ ಆಯಿತೆಂದರು ಕಾಕಾ. ನಾನು ಚೀಲದಿಂದ ಪುಸ್ತಕ ತೆಗೆದೆ. ಜೂನ್ ಹದಿನಾಲ್ಕು ಆರು, ಜುಲೈ ಮೂರು ಐದು ಮತ್ತು ಖಾರ, ದಸರೆಯ ನಂತರ ಎರಡು, ಆಮೇಲೆ ಒಂದು. ಮೊದಲ ಸಲ ಊರುಗಳನ್ನು ಬಿಟ್ಟು ಅವರ ಸಾಲನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದಿದೆ. ವೈದ್ಯರು ಇದೆಂಥ ಪುಸ್ತಕ ಎಂದು ಕೇಳಲಿಲ್ಲ. ಎರಡು ತಾರೀಖು ಚೀಟಿಯಲ್ಲಿ ಬರೆದುಕೊಂಡರು. ಕೆನ್ನೆಯ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಮುಂದಿನ ವಾರ ಬನ್ನಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಕಾಕಾ ಕಿಟಕಿಯ ಕಡೆ ಕೂತಿದ್ದರು. ಊರು ದಾಟಿದ ಮೇಲೆ ಮಾತಾಡಿದರು.

"ಇಷ್ಟೆಲ್ಲಾ ಬರದಿದ್ದೀ?"

"ಹೌದ್ರಿ ಕಾಕಾ."

"ಒಮ್ಮೆರ ಕೇಳಬಾರದಾಗಿತ್ತ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಎಂಟನೆಯ ಪುಟದ ಕೊನೆಯಲ್ಲಿ ಆಮೇಲಿನ ಏಳು ದಿನಗಳ ತಾರೀಖು ಮಾತ್ರ ಇದೆ, ಮುಂದೆ ಏನೂ ಬರೆದಿಲ್ಲ.

ವಾರದ ನಂತರ ಪರೀಕ್ಷೆಯ ಕಾಗದ ಬಂತು. ಅವರು ಹೆದರಿದ್ದ ಹೆಸರು ಅದರಲ್ಲಿ ಇರಲಿಲ್ಲ. ಗುಟ್ಕಾದಿಂದ ಕೆನ್ನೆ ಬಿಗಿದಿದೆ, ಇವತ್ತೇ ಬಿಟ್ಟರೆ ಅಲ್ಲಿಗೇ ನಿಲ್ಲಬಹುದು, ಬಿಡದಿದ್ದರೆ ಆ ಹೆಸರೂ ಬರುತ್ತದೆ ಎಂದರು ವೈದ್ಯರು. ವಾರಕ್ಕೊಂದು ಸೂಜಿ, ಕೆನ್ನೆಯೊಳಗೆ. ಮನೆಯಲ್ಲಿ ಐಸ್ ಕ್ಯಾಂಡಿಯ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಯಬೇಕು, ಹಿಡಿಸಿದಷ್ಟೇ. ಆಮೇಲೆ ಒಂದೊಂದೇ ಹೆಚ್ಚಿಸಬೇಕು. ಜೀಪಿನ ಕನ್ನಡಿಯಿಂದ ಆ ಸರವನ್ನು ಕಾಕಾ ತಾವೇ ಕಿತ್ತರು. ಎರಡು ಸಲ ಮತ್ತೆ ಕಟ್ಟಿದ್ದೂ ನನಗೆ ಗೊತ್ತು. ಮೂರನೆಯ ಸಲ ಕಿತ್ತದ್ದು ಉಳಿಯಿತು.

ಕಬಾಬಿನ ತೀರ್ಪಿನ ಮೇಲೆ ಅಡ್ಡಗೀಟು ಎಳೆದು, ಬಾಗೇವಾಡಿಯ ಮುಂದೆ ಬರೆದಿದ್ದ 'ಕೈ ಕೆಟ್ಟಿದೆ' ಎಂಬುದನ್ನು ಹೊಡೆದುಹಾಕಿದೆ. ಒಂಬತ್ತನೆಯ ಪುಟದಲ್ಲಿ ಹೊಸ ಸಾಲು ಶುರುವಾಗುತ್ತದೆ. ಏಪ್ರಿಲ್, ಹನ್ನೊಂದು ಕಡ್ಡಿ. ಮೇ, ಹನ್ನೊಂದು. ಮೇ ಕೊನೆ, ಹತ್ತು. ಅಂದು ಅವರು ಕಡ್ಡಿಗಳನ್ನು ಡಬ್ಬಿಗೆ ಹಾಕಿ ಜೀಪಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಹಳ ಹೊತ್ತು ಕೂತಿದ್ದರು. ಕಂಪೌಂಡರ್ ನೀರು ತಂದುಕೊಟ್ಟು ಅವರ ಪಕ್ಕದಲ್ಲೇ ನಿಂತಿದ್ದರು. ಜೂನ್, ಹನ್ನೆರಡು.

ಬರೆಯುವ ಮೊದಲು ನಾನು ಪ್ರತಿ ಸಲವೂ ಕೇಳುತ್ತಿದ್ದೆ: ಇವತ್ತು ಹೆಂಗ ಅನಸತೈತ್ರಿ ಕಾಕಾ? ಬಾಯಲ್ಲಿ ಕಡ್ಡಿ ಇರುವುದರಿಂದ ಅವರಿಗೆ ಉತ್ತರ ಕೊಡಲಾಗುತ್ತಿರಲಿಲ್ಲ. ಕೈಯೆತ್ತಿ, ತಡಿ ಎನ್ನುತ್ತಿದ್ದರು. ನಾನು ಪೆನ್ನು ಮುಚ್ಚಿ ಕಾಯುತ್ತಿದ್ದೆ.