ಹಳೆಯ ವಿಮಾನ ಬೀಳುವುದಿಲ್ಲ, ನಿಲ್ಲುತ್ತದೆ

ನನ್ನ ಅಕ್ಕನ ಮಗಳಿಗೆ ಮೊದಲ ಏಟು ಬಿದ್ದದ್ದು ನೀರಿನ ಬಾಟಲಿಯಿಂದ. ಎಸೆದವರು ಕಲಬುರಗಿಗೆ ಹೊರಟಿದ್ದ ಪ್ರಯಾಣಿಕರು. ಬಿದ್ದದ್ದು ಕಿವಿಯ ಮೇಲೆ. ಆ ಸಂಜೆ ಕಲ್ಯಾಣ ನಗರದ ನಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಮಾಮಾ, ಬ್ಯಾರೆ ಯಾರರ ಹೊಡದಿದ್ರ ಇಷ್ಟ ಬ್ಯಾಸರ ಆಗ್ತಿದ್ದಿಲ್ಲ. ನಮ್ಮ ಕಡೆ ಮಂದೀನ ಹೊಡದ್ರು. ನಮ್ಮ ಮಾತಿನ್ಯಾಗ ಬೈದು ಹೊಡದ್ರು."

ಅವಳು ಗದಗಿನ ಕಡೆಯಿಂದ ಬಂದು ನಮ್ಮೊಂದಿಗಿದ್ದಳು. ಅಗ್ಗದ ದರದ ಒಂದು ಸಣ್ಣ ವಿಮಾನ ಕಂಪನಿಯ ಇಂದಿರಾನಗರದ ಕೌಂಟರಿನಲ್ಲಿ ಕೆಲಸ. ನಾನು ಪತ್ರಿಕೆಯೊಂದರ ವಾಣಿಜ್ಯ ಪುಟದ ವರದಿಗಾರ. ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಅವಳು ಹೇಳಿದಂತೆ ಇಲ್ಲಿ ಬರೆಯುತ್ತಿದ್ದೇನೆ.

ವಿಮಾನ ಕಂಪನಿಗೆ ಇಂದಿರಾನಗರದಲ್ಲಿ ಕೌಂಟರ್ ಯಾಕೆ ಎಂದು ಕೇಳಬಹುದು. ಅದರ ಯಜಮಾನರು ಕೆ.ಆರ್. ಪುರದ ಆಚೆಯ ಹಳ್ಳಿಯವರು. ಖಾಸಗಿ ಬಸ್ಸು ಓಡಿಸಿ ಬೆಳೆದವರು. ಬಸ್ಸಿನವರ ಹಾಗೆಯೇ ಊರೊಳಗೆ ಬುಕಿಂಗ್ ಆಫೀಸು ಮಾಡಿದರು. ಪ್ರಯಾಣಿಕರು ಇಲ್ಲಿಗೆ ಬಂದು ಸಾಮಾನು ಕೊಡಬೇಕು, ಕಂಪನಿಯ ಬಸ್ಸು ಅವರನ್ನು ವಿಮಾನ ನಿಲ್ದಾಣಕ್ಕೆ ಒಯ್ಯುತ್ತದೆ. ಜನರಿಗೆ ಕ್ಯಾಬಿನ ಖರ್ಚು ಉಳಿಯಿತು, ಹೆಸರೂ ಬಂತು. ಆದರೆ ವಿಮಾನ ಕೆಟ್ಟ ದಿನ ಬಸ್ಸು ಹೊರಡುತ್ತಿರಲಿಲ್ಲ. ನಿಲ್ದಾಣದಲ್ಲಿ ಬಂದೂಕು ಹಿಡಿದ ಕಾವಲಿನವರಿದ್ದಾರೆ. ಇಂದಿರಾನಗರದಲ್ಲಿ ಇದ್ದದ್ದು ಒಬ್ಬ ವಾಚ್‌ಮನ್ ಮತ್ತು ದೊಡ್ಡದೊಂದು ಗಾಜಿನ ಗೋಡೆ. ನಿಲ್ದಾಣದಲ್ಲಿ ಜನ ನುಂಗಿಕೊಳ್ಳುತ್ತಿದ್ದ ಕೋಪವೆಲ್ಲ ಇಲ್ಲಿ ಹೊರಬರುತ್ತಿತ್ತು.

ಕಂಪನಿ ಆರಂಭವಾದಾಗ ಹಲಸೂರಿನ ಹೋಟೆಲೊಂದರಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಗೆ ನಾನೂ ಹೋಗಿದ್ದೆ. ಹೊಸ ವಿಮಾನವೋ ಹಳೆಯದೋ ಎಂದು ಯಾರೋ ಕೇಳಿದರು. ಯಜಮಾನರು ಮೈಕು ಪಕ್ಕಕ್ಕೆ ಸರಿಸಿದರು.

"ಹೊಸಾದಕ್ಕೆ ಕ್ಯೂ ನಿಂತ್ರೆ ನನ್ನ ಮೊಮ್ಮಗ ಹತ್ಬೇಕಷ್ಟೆ. ಹಳೇದು ಮೂರು ಸಿಕ್ಕಿದೆ, ತಗೊಂಡಿದೀನಿ. ಹಳೇ ವಿಮಾನ ಬೀಳಲ್ಲ ಸಾರ್, ಬೀಳೋ ಅಂಥದ್ದನ್ನ ಸರ್ಕಾರ ಮೇಲೆ ಬಿಡೋದೇ ಇಲ್ಲ. ಕೆಟ್ಟು ನಿಲ್ಲುತ್ತೆ ಅಷ್ಟೇ. ನಿಂತ್ರೆ ನಾಲ್ಕು ಮಾತು ಕೇಳ್ಬೇಕು. ಬಸ್ಸಲ್ಲಿ ನಾವು ಕೇಳಿಲ್ವಾ?"

ಎಲ್ಲರೂ ನಕ್ಕರು. ಅವರ ವಾದದಲ್ಲಿ ತಪ್ಪಿರಲಿಲ್ಲ. ಹಳೆಯ ವಿಮಾನಗಳಿಂದಲೇ ಶುರು ಮಾಡಿ ನೆಲೆ ನಿಂತ ಕಂಪನಿಗಳಿವೆ. ಆದರೆ ಅಂಥವರು ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ, ಉಳಿದವು ಕೆಟ್ಟಾಗ ಓಡಿಸಲು. ಯಜಮಾನರು ಮೂರನ್ನೂ ಓಡಿಸಿದರು. ನಿಂತ ಗಾಡಿ ತಿನ್ನುತ್ತದೆ, ದುಡಿಯುವುದಿಲ್ಲ ಎಂಬುದು ಅವರ ನಂಬಿಕೆ. ಬಿಡಿಭಾಗಗಳು ಹೊರದೇಶದಿಂದ ಬರಬೇಕು, ಕಸ್ಟಮ್ಸ್ ದಾಟಬೇಕು. ಅಲ್ಲಿಯವರೆಗೆ ಎಂಜಿನಿಯರು ಸಹಿ ಹಾಕುವುದಿಲ್ಲ, ವಿಮಾನ ಏಳುವುದಿಲ್ಲ.

ಬಾಟಲಿಯ ನಂತರ ಕೀಬೋರ್ಡು ಬಂತು. ಅದರ ನಂತರ ಕೈ. ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು ಮಗುವನ್ನು ಗಂಡನಿಗೆ ಕೊಟ್ಟು, ಸೆರಗು ಸಿಕ್ಕಿಸಿ, ಪಕ್ಕದ ಕೌಂಟರಿನ ಹುಡುಗಿಯ ಕಪಾಳಕ್ಕೆ ಬಾರಿಸಿ, ಮತ್ತೆ ಮಗುವನ್ನು ಎತ್ತಿಕೊಂಡಳಂತೆ. ಆ ಹುಡುಗಿ ಮರುದಿನ ಬರಲಿಲ್ಲ.

ಯಜಮಾನರು ಆಗ ತಮ್ಮ ಬಸ್ಸಿನ ಆಫೀಸಿನಿಂದ ಒಬ್ಬರನ್ನು ಕರೆಸಿದರು. ಹಲಸೂರಿನವರು, ಮನೆಮಾತು ತಮಿಳು, ವಯಸ್ಸು ಐವತ್ತು ದಾಟಿದ ಗಟ್ಟಿ ದೇಹ. ಕಾಗದದ ಮೇಲೆ ಅವರು ಮೇಲ್ವಿಚಾರಕರು. ನಿಜವಾದ ಕೆಲಸ ಹೊಡೆತ ತಿನ್ನುವುದು. ಬಸ್ಸು ಕೆಟ್ಟ ದಿನಗಳಲ್ಲಿ ಜನರ ಮುಂದೆ ನಿಲ್ಲಲು ಬಸ್ಸಿನವರು ಇಂಥ ಒಬ್ಬರನ್ನು ಇಟ್ಟುಕೊಂಡಿರುತ್ತಾರೆ. ಹುಡುಗಿಯರು ಅವರನ್ನು ಅಣ್ಣ ಎನ್ನುತ್ತಿದ್ದರು. ಗುಂಪು ಎದ್ದು ಬಂದರೆ ಅವರು ಕನ್ನಡಕ ತೆಗೆದು ಡ್ರಾಯರಿಗೆ ಹಾಕಿ, ಜೇಬಿನ ಪೆನ್ನು ತೆಗೆದಿಟ್ಟು, ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದರು.

"ನಾಲಿಗೆ ಹಲ್ಲಿನ ಮಧ್ಯ ಬಿಡಬಾರ್ದು ಮ್ಮಾ, ತುಂಡಾಗ್ಬಿಡುತ್ತೆ. ಬಾಯಿ ಮುಚ್ಕೊಂಡೇ ಸಾರಿ ಹೇಳ್ಬೇಕು," ಎಂದು ಅವಳಿಗೆ ಕಲಿಸಿದ್ದರು. "ಮೊದಲನೇ ಏಟು ತಿಂದ್ಬಿಟ್ರೆ ಆಮೇಲೆ ಜನಕ್ಕೇ ನಾಚಿಕೆ ಆಗ್ಬಿಡುತ್ತೆ. ಬಸ್ಸಲ್ಲಿ ಬರೀ ಕೈಯಲ್ಲಿ ಹೊಡೀತಿದ್ರು. ಇಲ್ಲಿ ಓದಿದೋರು, ಲ್ಯಾಪ್‌ಟಾಪಲ್ಲಿ ಹೊಡೀತಾರೆ. ಪ್ರಮೋಷನ್ ನಂಗೆ!"

ಅವಳು ಇದನ್ನು ಮನೆಯಲ್ಲಿ ಅವರ ದನಿಯಲ್ಲೇ ಹೇಳಿ ನಗಿಸುತ್ತಿದ್ದಳು. ಬಿಟ್ಟುಬಿಡು ಎಂದು ನಾನು ಹೇಳಿದ್ದೆ. "ಅಣ್ಣಾರು ನಿಂತಿರ್ತಾರಲ್ಲ ಮಾಮಾ. ನಾ ಬಿಟ್ರ ಅವರೊಬ್ರ ಆಗ್ತಾರ," ಎನ್ನುವಳು.

ಮಳೆಗಾಲದ ಒಂದು ಸಂಜೆ ಮಹದೇವಪುರದಲ್ಲಿ ನೀರು ನುಗ್ಗಿದ ಅಪಾರ್ಟ್‌ಮೆಂಟುಗಳ ಸುದ್ದಿ ಮುಗಿಸಿ, ಅವಳನ್ನು ಜೊತೆಗೆ ಕರೆದೊಯ್ಯೋಣವೆಂದು ಇಂದಿರಾನಗರಕ್ಕೆ ಹೋದೆ. ಬೆಳಗಿನ ಕಲಬುರಗಿ ವಿಮಾನದ ಜನ ಇನ್ನೂ ಅಲ್ಲೇ ಕುಳಿತಿದ್ದರು. ಗಾಜಿನ ಗೋಡೆಯ ಪಕ್ಕ ಒಬ್ಬ ಮಧ್ಯವಯಸ್ಕ ಫೋನಿನಲ್ಲಿ ಹೇಳುತ್ತಿದ್ದ: "ತಡೀರಿ. ನಾ ಬರೂತನ ಮಣ್ಣ ಮಾಡಬ್ಯಾಡ್ರಿ. ಬರ್ಲಾಕತ್ತೀನಿ." ಆತನ ತಂದೆ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಕತ್ತಲಾಗುವ ಮೊದಲು ಮಣ್ಣು.

ಆತ ಕೂಗಾಡಲಿಲ್ಲ. ಕೌಂಟರಿಗೆ ಬಂದು ಮೆಲ್ಲಗೆ ಕೇಳಿದ.

"ತಂಗಿ, ಖರೇ ಹೇಳವ್ವಾ. ಇವತ್ತ ಹೋಗ್ತದೋ ಇಲ್ಲೋ?"

ಇನ್ನೊಂದು ಗಂಟೆ ಎನ್ನಬೇಕೆಂದು ಕಂಪನಿಯ ಆಜ್ಞೆ. ಇದೂ ಬಸ್ಸಿನ ಪಾಠವೇ. ಬಂತು ಬಂತು ಎನ್ನುತ್ತಿದ್ದರೆ ಯಾರೂ ಎದ್ದು ಹೋಗುವುದಿಲ್ಲ, ಹಣ ವಾಪಸು ಕೇಳುವುದಿಲ್ಲ. ಬೆಳಗಿನಿಂದ ಅವಳು ಅದನ್ನೇ ಹೇಳಿದ್ದಳು. ಈಗ ಆತನ ಮುಖ ನೋಡಿದಳು.

"ಹೋಗಂಗಿಲ್ರಿ. ಪಾರ್ಟು ಇಲ್ಲ. ಮುಂಜಾನೇನ ಗೊತ್ತಿತ್ರಿ."

ಮುಂಜಾನೆ ಹೇಳಿದ್ದರೆ ಆತ ಕಾರು ಮಾಡಿಕೊಂಡು ಇಷ್ಟು ಹೊತ್ತಿಗೆ ಊರು ಮುಟ್ಟುತ್ತಿದ್ದ. ಸಾಲು ನಿಲ್ಲಿಸಲು ಪಟ್ಟಿ ಕಟ್ಟಿದ ಕಬ್ಬಿಣದ ಕಂಬವೊಂದು ಪಕ್ಕದಲ್ಲಿತ್ತು. ಅದನ್ನು ಬುಡಸಮೇತ ಎತ್ತಿದ. ಅಣ್ಣನಿಗೆ ಕನ್ನಡಕ ತೆಗೆಯಲು ಸಮಯ ಸಿಗಲಿಲ್ಲ, ಹಾಗೆಯೇ ನಡುವೆ ಬಂದರು. ಕಂಬದ ಬುಡ ಅವರ ದವಡೆಗೆ ತಗುಲಿತು. ಒಣ ತೆಂಗಿನ ಚಿಪ್ಪು ಒಡೆದ ಸದ್ದು. ಅವರು ಮಂಡಿಯೂರಿದರು, ಬಾಯಿಂದ ರಕ್ತದ ಜೊತೆ ಹಲ್ಲು ಅಂಗೈಗೆ ಬಿತ್ತು. ಎರಡನೆಯ ಏಟು ಅವರ ಭುಜದ ಮೇಲೆ. ಮೂರನೆಯದಕ್ಕೆ ಕಂಬ ಎತ್ತುವಾಗ ನಾನು ಆತನ ಸೊಂಟ ಹಿಡಿದು ಎಳೆದೆ. ಕಂಬ ಹಿಂದಕ್ಕೆ ಹೋಗಿ ಗಾಜಿನ ಗೋಡೆಗೆ ಬಡಿಯಿತು. ಗೋಡೆ ಒಮ್ಮೆಲೇ ಪುಡಿಯಾಗಿ ಸುರಿಯಿತು. ಅಲ್ಲಿಯವರೆಗೆ ಕುಳಿತಿದ್ದವರೆಲ್ಲ ಅದನ್ನೇ ಕಾಯುತ್ತಿದ್ದರೇನೋ, ಕುರ್ಚಿ ಮುರಿದರು, ಪರದೆ ಕಿತ್ತರು. ವಾಚ್‌ಮನ್ ಶೌಚಾಲಯದೊಳಗೆ ಸೇರಿ ಚಿಲಕ ಹಾಕಿಕೊಂಡ.

ಆ ಗಲಾಟೆಯಲ್ಲಿ ನಾನು ಹಿಡಿದಿದ್ದ ಮನುಷ್ಯ ಸಡಿಲಾದ. ಅಕ್ಕನ ಮಗಳು ಕೌಂಟರ್ ದಾಟಿ ಬಂದು ದೊಡ್ಡ ಸ್ಟೇಪ್ಲರಿನಿಂದ ಆತನ ಹಣೆಗೆ ಹೊಡೆದಿದ್ದಳು. ಮತ್ತೆ ಹೊಡೆದಳು. ನಾನು ಆತನನ್ನು ಹಿಡಿದಿದ್ದೆ, ಅವಳು ಹೊಡೆಯುತ್ತಿದ್ದಳು. ಆತನನ್ನು ಬಿಟ್ಟು ಅವಳ ಕೈ ಹಿಡಿದೆ.

ಆತ ಗಾಜಿನ ಚೂರುಗಳ ಮೇಲೆ ಕುಳಿತ. ಫೋನು ಬಡಿದುಕೊಂಡಿತು. ಊರಿನಿಂದ ವಿಡಿಯೋ ಕರೆ. ಹುಬ್ಬಿನಿಂದ ಇಳಿದ ರಕ್ತವನ್ನು ತೋಳಿನಿಂದ ಒರೆಸಿಕೊಳ್ಳುತ್ತ ಆತ ತನ್ನಪ್ಪನನ್ನು ಮಣ್ಣಿಗಿಡುವುದನ್ನು ನೋಡಿದ. ಪೊಲೀಸರು ಬಂದಾಗಲೂ ನೋಡುತ್ತಿದ್ದ. ಅಕ್ಕನ ಮಗಳ ಮೇಲೆ ದೂರು ಕೊಡಲಿಲ್ಲ.

ಅಣ್ಣನನ್ನು ಶಿವಾಜಿನಗರದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ದವಡೆ ಎರಡು ಕಡೆ ಮುರಿದಿತ್ತು, ತಂತಿ ಹಾಕಿ ಬಾಯಿ ಬಿಗಿದಿದ್ದರು. ಮರುದಿನ ನಾವು ಹೋದಾಗ ಯಜಮಾನರು ಎಳನೀರು ಹಿಡಿದು ಬಂದಿದ್ದರು.

"ಅವನಿಗೆ ಅಭ್ಯಾಸ ಇದೆ ಬಿಡಮ್ಮ. ಬಸ್ಸಲ್ಲಿ ಪಕ್ಕೆಲುಬೇ ಮುರ್ಕೊಂಡಿದ್ದ. ಅಲ್ವೇನೋ?"

ಅಣ್ಣ ತಲೆಯಾಡಿಸಿದರು. ನಕ್ಕರೇನೋ, ತಂತಿಯಿಂದಾಗಿ ತಿಳಿಯಲಿಲ್ಲ.

"ನೀವು ಒಂದ ದಿನ ನಿಂದರ್ರಿ ಸರ್ ಅಲ್ಲೆ," ಎಂದಳು ಅಕ್ಕನ ಮಗಳು. "ನಿಮ್ಮ ವಿಮಾನ ಅದು. ನಿಮಗ ಏಟು ಬಿದ್ರ ಇನ್ನೊಂದ ವಿಮಾನ ತರ್ತೀರಿ."

"ನಿಲ್ತೀನಮ್ಮ. ಕ್ಲೀನರ್ ಆಗಿದ್ದಾಗ ತಿಂದಿರೋ ಏಟು ನಿನಗೇನು ಗೊತ್ತು?"

ಮಾತು ತಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಬೀದರಿನ ವಿಮಾನ ನಿಂತಾಗ ಯಜಮಾನರು ಬಿಳಿ ಅಂಗಿ ತೊಟ್ಟು, ಅಣ್ಣ ನಿಲ್ಲುತ್ತಿದ್ದ ಜಾಗದಲ್ಲೇ ಬಂದು ನಿಂತರು. ಅವಳ ಒತ್ತಾಯಕ್ಕೆ ನಾನೂ ಹೋಗಿದ್ದೆ. ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದೆ.

ಗುಂಪು ಎದ್ದು ಬಂತು. ಯಜಮಾನರು ಕೈ ಮುಗಿದು, "ನಾನೇ ಓನರ್. ಏನಿದ್ರೂ ನನಗೆ ಮಾಡಿ," ಎಂದರು. ಮುಂದಿದ್ದವರು ನಿಂತುಬಿಟ್ಟರು. ಒಬ್ಬರು ತಾವೂ ಕೈ ಮುಗಿದರು. ಇನ್ನೊಬ್ಬರು ಅವರ ನಂಬರು ಕೇಳಿದರು. ಒಬ್ಬ ಯುವಕ ಫೋಟೋ ತೆಗೆಸಿಕೊಂಡ. "ನಿಮ್ಮಂಥ ದೊಡ್ಡೋರು ಬಂದು ನಿಂತ್ರಲ್ಲ ಸಾರ್, ಸಾಕು. ನಿಮ್ ಸ್ಟಾಫೇ ಸರಿಯಿಲ್ಲ," ಎಂದು ಯಾರೋ ಹೇಳಿದರು. "ಆ ಹುಡುಗಿ ಬೆಳಿಗ್ಗೆಯಿಂದ ಸುಳ್ಳು ಹೇಳ್ತಿದ್ದಾಳೆ ಸಾರ್." ಹೌದೌದು ಎಂದರು ಉಳಿದವರು. ಯಜಮಾನರು ತಿರುಗಿ ಅವಳತ್ತ ನೋಡಿದರು. "ನೋಡಮ್ಮ, ಮಾತಾಡೋಕೆ ಒಂದು ರೀತಿ ಇರುತ್ತೆ..."

ಬಾಟಲಿ ಅವರ ಭುಜದ ಮೇಲಿಂದಲೇ ಹಾರಿ ಬಂತು. ಈ ಸಲ ಸ್ಟೀಲಿನದು. ಅವಳ ಎಡಹುಬ್ಬು ಸೀಳಿತು. ರಕ್ತ ಯಜಮಾನರ ಬಿಳಿ ತೋಳಿಗೆ ಚಿಮ್ಮಿತು. ಅವರು ಮೊದಲು ತೋಳು ನೋಡಿಕೊಂಡರು. ಆಮೇಲೆ ಎಸೆದವನ ಕೊರಳುಪಟ್ಟಿ ಹಿಡಿದು ಮುಖಕ್ಕೆ ಎರಡು ಗುದ್ದಿದರು, ಆ ವಯಸ್ಸಿನವರಿಗೆ ಸಾಧ್ಯವೇ ಎನ್ನುವಂತೆ. ಆಗಲೂ ಅವರ ಮೈ ಯಾರೂ ಮುಟ್ಟಲಿಲ್ಲ.

ಅವಳು ಬಗ್ಗಿ ಬಾಟಲಿ ಎತ್ತಿಕೊಂಡಳು. ಹೊಡೆಯುತ್ತಾಳೆಂದು ನಾನು ಎರಡು ಹೆಜ್ಜೆ ಮುಂದಕ್ಕೆ ಹೋದೆ. ಅವಳು ಅದನ್ನು ಕೌಂಟರಿನ ಮೇಲಿಟ್ಟು, ಕೊರಳ ಗುರುತಿನ ಚೀಟಿ ಬಿಚ್ಚಿ ಅದರ ಪಕ್ಕದಲ್ಲಿಟ್ಟಳು.

"ನಡೀರಿ ಮಾಮಾ. ಇಲ್ಲೇ ಇದ್ರ ನಾ ಯಾರನರ ಕೊಲ್ತೀನಿ."

ಆಟೋದಲ್ಲಿ ಮನೆ ಬರುವವರೆಗೂ ಅವಳು ಹುಬ್ಬಿಗೆ ಕರ್ಚೀಫು ಒತ್ತಿ ಹಿಡಿದಿದ್ದಳು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮುಂದಿನ ವರ್ಷ ಯಜಮಾನರು ಅದೇ ಹೋಟೆಲಿಗೆ ನಮ್ಮನ್ನು ಕರೆದು, ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟಿರುವುದಾಗಿ ಪ್ರಕಟಿಸಿದರು. ಕೈಗೆ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಏನು ಎಂದು ಕೇಳಿದೆ.

"ಅಲ್ಲೀವರ್ಗೂ ಹಳೇದೇ ಸಾರ್. ನಮ್ ಹಳೇ ಮನುಷ್ಯಾನೂ ವಾಪಸ್ ಬಂದಿದಾನಲ್ಲ."

ಬಾಗಿಲಲ್ಲಿ ಅಣ್ಣ ನಿಂತಿದ್ದರು. ದವಡೆ ಒಂದು ಕಡೆಗೆ ವಾಲಿತ್ತು. "ನಿಮ್ಮ ಹುಡುಗೀನ ಕೇಳ್ದೆ ಅಂತ ಹೇಳಿ ಸಾರ್," ಎಂದರು. ಮಾತು ಬಾಯಿಂದ ಪೂರ್ತಿ ಹೊರಬರುತ್ತಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅವಳು ಹುಬ್ಬಿನ ಗಾಯದ ಗುರುತನ್ನು ಬೆರಳಿನಿಂದ ಸವರಿಕೊಂಡಳು. ಈಗ ಕೌಂಟರಿನಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರೋ ಹೊಸ ಹುಡುಗಿ ಎಂದೆ.

"ಬಾಯಿ ಮುಚ್ಚಿ ಸಾರಿ ಹೇಳೂದು ಆಕೀಗೆ ಯಾರರ ಕಲಿಸ್ಯಾರೇನು?" ಎಂದಳು.