ಕಡಲಕ್ಕನ ಹೊಟ್ಟೆಕಿಚ್ಚು

ವಿಮಾನ ಕಂಪನಿಯ ಪೈಲಟ್‌ಗಳೆಲ್ಲ ಅವಳನ್ನು ಕಡಲಕ್ಕ ಎಂದೇ ಕರೆಯುತ್ತಿದ್ದರು. ಸಮುದ್ರ ದಾಟುವ ವಿಮಾನಗಳಿಗೆ ದಾರಿ ಹಾಕಿಕೊಡುವುದು ಅವಳ ಕೆಲಸ. ಎಷ್ಟು ಎತ್ತರದಲ್ಲಿ ಹಾರಬೇಕು, ಎಷ್ಟು ಇಂಧನ ತುಂಬಬೇಕು, ನಡುಗಡಲಿನ ಮೇಲೆ ಒಂದು ಎಂಜಿನ್ ಕೈಕೊಟ್ಟರೆ ಯಾವ ನಿಲ್ದಾಣಕ್ಕೆ ತಿರುಗಬೇಕು, ಎಲ್ಲವನ್ನೂ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತು ಅವಳು ಗೊತ್ತುಮಾಡುತ್ತಿದ್ದಳು.

ಹಾರುವ ಹುಚ್ಚು ಮೊದಲು ಹಿಡಿದದ್ದು ಅವಳಿಗೇ. ಹಳೆಯ ಪುಸ್ತಕಗಳನ್ನು ಹುಡುಕಿ ತಂದು ಓದುವಾಗ ತಂಗಿ ಪಕ್ಕದಲ್ಲಿ ಬೋರಲಾಗಿ ಮಲಗಿ ಬರೀ ಚಿತ್ರ ನೋಡುತ್ತಿದ್ದಳು. ಆದರೆ ಚಿಕ್ಕಂದಿನಲ್ಲಿ ಸೋರಿ ಸೋರಿ ಮಂದವಾಗಿದ್ದ ಅಕ್ಕನ ಎಡಗಿವಿ ವೈದ್ಯಕೀಯ ಪರೀಕ್ಷೆಯಲ್ಲಿ ಅಡ್ಡ ಬಂತು. ಕೆಲವು ವರ್ಷಗಳ ಮೇಲೆ ತಂಗಿ ಅದೇ ಪುಸ್ತಕ ಓದಿ, ಅದೇ ಪರೀಕ್ಷೆಗೆ ಹೋಗಿ, ಪಾಸಾಗಿ ಬಂದಳು. ಅಂದು ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪ್ರೀತಿ ಇರಲಿಲ್ಲವೆಂದಲ್ಲ. ತಂಗಿಗೆ ಜ್ವರ ಬಂದರೆ ರಜೆ ಹಾಕಿ ಓಡುವವಳು ಅವಳೇ. ಆದರೆ ಅಮ್ಮನ ಮನೆಯಲ್ಲಿ ಟಿವಿಯ ಮೇಲೆ ಸಮವಸ್ತ್ರ ತೊಟ್ಟ ತಂಗಿಯ ಫೋಟೋ ಕಂಡಾಗಲೆಲ್ಲ ಒಳಗೊಳಗೇ ಕುದಿಯುತ್ತಿತ್ತು. ಬಂದವರಿಗೆ ಅಮ್ಮ ಹೇಳುತ್ತಿದ್ದುದು ಹೀಗೆ: “ಚಿಕ್ಕವಳು ಪೈಲಟ್ಟು. ದೊಡ್ಡವಳೂ ಅಲ್ಲೇ ಇದಾಳೆ, ಆಫೀಸಲ್ಲಿ.” ಆ ‘ಆಫೀಸಲ್ಲಿ’ ಎಂಬ ಮಾತು ಕಡಲಕ್ಕನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು.

ತಂಗಿ ಕ್ಯಾಪ್ಟನ್ ಆದಳು. ಕ್ಯಾಪ್ಟನ್ ಆಗಿ ಅವಳು ಮೊದಲ ಸಲ ಸಮುದ್ರ ದಾಟುವ ದಿನ ಆ ವಿಮಾನದ ದಾರಿ ಹಾಕುವ ಸರದಿ ಅಕ್ಕನದೇ ಆಯಿತು. ಬೆಳಿಗ್ಗೆಯೇ ಅಮ್ಮನ ಫೋನು.

“ಇವತ್ತು ಅವಳದು ದೊಡ್ಡ ದಿನ ಕಣೆ. ಸರಿಯಾಗಿ ನೋಡಿ ದಾರಿ ಹಾಕಮ್ಮ.”

“ದಿನಾ ಹಾಕೋದು ಕಣ್ಣು ಮುಚ್ಕೊಂಡಾ?” ಎಂದು ಫೋನಿಟ್ಟಳು.

ದಾರಿ ಸಿದ್ಧವಾದ ಮೇಲೆ, ಹೊರಡಬೇಕಿದ್ದ ವಿಮಾನದ ಚಕ್ರ ಕೆಟ್ಟು, ಬೇರೆ ವಿಮಾನ ಕೊಟ್ಟರು. ಬೇರೆ ವಿಮಾನವೆಂದರೆ ಅದಕ್ಕೆ ಏನೇನು ನಿರ್ಬಂಧಗಳಿವೆ ಎಂದು ಮತ್ತೆ ನೋಡಬೇಕು. ಅಷ್ಟರಲ್ಲಿ ತಂಗಿ, ಭುಜದ ಮೇಲೆ ಕ್ಯಾಪ್ಟನ್ನಿನ ಹೊಸ ಪಟ್ಟಿಗಳಿದ್ದ ಸಮವಸ್ತ್ರದಲ್ಲಿ ಒಳಗೆ ಬಂದಳು. ಕೋಣೆಯಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಕಡಲಕ್ಕನೂ ತಟ್ಟಿದಳು. ಯಾರೋ, “ತಂಗಿ ಹಾರ್ತಾಳೆ, ಅಕ್ಕ ದಾರಿ ತೋರಿಸ್ತಾಳೆ” ಎಂದು ತಮಾಷೆ ಮಾಡಿದರು. ಹಲ್ಲು ಕಚ್ಚಿಕೊಂಡು ನಗುತ್ತಲೇ ಅವಳು ಕಂಪ್ಯೂಟರಿನಲ್ಲಿ ವಿಮಾನದ ನಂಬರು ಬದಲಿಸಿದಳು, ಇಂಧನದ ಲೆಕ್ಕ ಬದಲಿಸಿದಳು. ನಿರ್ಬಂಧಗಳ ಪುಟವನ್ನು ತೆರೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ, ಇನ್ನೂ ನೆಲದ ಮೇಲೇ ನಿಂತಿದ್ದ ವಿಮಾನದಿಂದ ಕರೆ ಬಂತು. ಜೊತೆಗೆ ಸಹಪೈಲಟ್ ಇದ್ದುದರಿಂದ ತಂಗಿ ಅಕ್ಕ ಎನ್ನಲಿಲ್ಲ.

“ಮೇಡಂ, ಬಾಲದಲ್ಲಿರೋ, ತುರ್ತಿಗೆ ಕರೆಂಟ್ ಕೊಡೋ ಚಿಕ್ಕ ಎಂಜಿನ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಇಲ್ಲಿ ಚೀಟಿ ಅಂಟಿಸಿದಾರೆ. ಹಾಗಿದ್ರೆ ಈ ವಿಮಾನ ಯಾವ ನಿಲ್ದಾಣದಿಂದಲೂ ಒಂದು ಗಂಟೆಗಿಂತ ದೂರ ಹೋಗೋ ಹಾಗಿಲ್ಲ, ಅಲ್ವಾ? ನೀವು ಕೊಟ್ಟಿರೋ ದಾರಿ ನಡುಗಡಲಲ್ಲೇ ಹೋಗತ್ತೆ.”

ಇವಳು ತಪ್ಪು ತಿಳಿದಿರಲಿ, ಚೀಟಿಯನ್ನು ತಪ್ಪಾಗಿ ಓದಿರಲಿ: ಕಡಲಕ್ಕನ ಮನಸ್ಸಿಗೆ ಮೊದಲು ಬಂದದ್ದು ಈ ಆಸೆ. ತೆರೆದು ನೋಡಿದಳು. ತಂಗಿ ಹೇಳಿದ್ದು ಅಕ್ಷರಶಃ ನಿಜ. ಕಿವಿಯವರೆಗೂ ಮುಖ ಬಿಸಿಯಾಯಿತು.

“ಇರಿ, ಬೇರೆ ಕೊಡ್ತೀನಿ” ಎಂದಳು. ದ್ವೀಪಗಳ ಪಕ್ಕದಲ್ಲೇ ಸುತ್ತಿಕೊಂಡು ಹೋಗುವ ದಾರಿ ಹಾಕಿದಳು. ಇಂಧನದ ಲಾರಿ ಮತ್ತೆ ಬಂತು. ಪ್ರಯಾಣಿಕರು ಗೊಣಗಿದರು. ವಿಮಾನ ತಡವಾಗಿ ಏರಿತು.

ಆ ವಾರದ ಕೊನೆಗೆ ಇಬ್ಬರೂ ಅಮ್ಮನ ಮನೆಯಲ್ಲಿ ಸೇರಿದರು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ತಂಗಿ ಒರೆಸಿಡುತ್ತಿದ್ದಳು. ತಂಗಿ ದನಿ ತಗ್ಗಿಸಿ, “ಅಕ್ಕ, ಆ ತಪ್ಪನ್ನ ಇಬ್ಬರೂ ಸೇರಿ ಪತ್ತೆ ಹಚ್ಚಿದ್ವಿ ಅಂತಲೇ ಮೇಲಿನವರಿಗೆ ಹೇಳಿದೀನಿ. ನೀನು ತಲೆ ಕೆಡಿಸ್ಕೋಬೇಡ” ಎಂದಳು.

“ನಾನು ಕೇಳಿದ್ನಾ?”

“ಯಾಕೆ ಹಾಗಂತೀಯ?”

“ನೋಡಿದ್ದು ನೀನು. ನಿನ್ನ ಹೆಚ್ಚುಗಾರಿಕೆಯಲ್ಲಿ ನಂಗೆ ಪಾಲು ಬೇಡ.” ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. “ಹೊಟ್ಟೆ ಉರಿಯತ್ತೆ ಕಣೆ ನಂಗೆ. ನಿನ್ನ ನೋಡಿದ್ರೆ ಉರಿಯತ್ತೆ.”

ತಂಗಿ ಚಮಚಗಳನ್ನು ಒಂದೊಂದಾಗಿ ಒರೆಸಿಟ್ಟಳು. “ಗೊತ್ತು,” ಎಂದಳು. “ಮೊದಲಿಂದಲೂ ಗೊತ್ತು.”

ಒಳಗಿನಿಂದ ಅಮ್ಮ, “ಏನ್ರೇ ಅದು ಸದ್ದು?” ಎಂದು ಕೇಳಿದಳು. “ತಟ್ಟೆ ಜಾರ್ತು” ಎಂದರು ಇಬ್ಬರೂ ಒಟ್ಟಿಗೆ.

ಮರುದಿನವೇ ಕಡಲಕ್ಕ ಹೋಗಿ ತನ್ನ ಮುಖ್ಯಸ್ಥರ ಮುಂದೆ ನಿಂತಳು. ತಾನು ನೋಡಿರಲಿಲ್ಲ, ಕ್ಯಾಪ್ಟನ್ ಒಬ್ಬಳೇ ನೋಡಿದ್ದು ಎಂದಳು. ಅದರಲ್ಲಿ ಪ್ರಾಮಾಣಿಕತೆ ಅರ್ಧ, ತಂಗಿ ತೋರಿದ ಕರುಣೆಯನ್ನು ಅವಳ ಮುಖಕ್ಕೇ ವಾಪಸು ಎಸೆಯುವ ಹಟ ಇನ್ನರ್ಧ. ಅವರು ಗದರಿದರು, ಎಚ್ಚರಿಕೆ ಕೊಟ್ಟರು. ಆಮೇಲೆ ಕುರ್ಚಿ ತೋರಿಸಿ, “ಹಿಂದೆ ಇಂಥದೇ ನಿರ್ಬಂಧ ಇದ್ದ ವಿಮಾನ, ಪೈಲಟ್‌ಗೂ ಗೊತ್ತಿಲ್ದೆ ಸಮುದ್ರದ ಮೇಲೆ ಹೋಗಿ ಅರ್ಧದಿಂದ ವಾಪಸ್ ಬಂದಿತ್ತು. ಹೇಗೆ ಕಣ್ಣು ತಪ್ಪತ್ತೆ ಅಂತ ನೀವೇ ಎಲ್ಲರಿಗೂ ಹೇಳಿ” ಎಂದರು.

ಹೀಗೆ ಕಡಲಕ್ಕ ಪೈಲಟ್‌ಗಳಿಗೆ ಪಾಠ ಹೇಳುವವಳಾದಳು. ತನ್ನ ತಪ್ಪನ್ನೇ ಮುಂದಿಟ್ಟು ಶುರುಮಾಡುತ್ತಿದ್ದಳು. ಎಲ್ಲರೂ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಹೊಟ್ಟೆಕಿಚ್ಚೇನೂ ಆರಲಿಲ್ಲ. ತಂಗಿಯೂ ಒಮ್ಮೆ ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಕಡಲಕ್ಕ ಮೊದಲ ಪ್ರಶ್ನೆ ಕೇಳಿ ಮುಗಿಸುವ ಮೊದಲೇ ತಂಗಿಯ ಕೈ ಮೇಲೆದ್ದಿತು.

“ನೀನು ಸುಮ್ನೆ ಕೂತ್ಕೋ,” ಎಂದಳು ಕಡಲಕ್ಕ. “ಬೇರೆ ಯಾರಾದ್ರೂ ಹೇಳಿ.”

ಕೋಣೆಯೆಲ್ಲ ನಕ್ಕಿತು. ಕಡಲಕ್ಕ ನಗಲಿಲ್ಲ.